ಮೊದಲ ಕ್ಲಾಸು, ಒಂದು ಗಾಳಿ ದಿಂಬು

ಮೊದಲೇ ಹೇಳಿಬಿಡುತ್ತೇನೆ, ಈ ಕೋರ್ಸನ್ನು ನಾನು ಆಸೆಪಟ್ಟು ತಗೊಂಡಿದ್ದಲ್ಲ. ಎಂ.ಎ. ಕನ್ನಡ ಓದುವವರು ಮೂರನೇ ಸೆಮಿಸ್ಟರ್‌ನಲ್ಲಿ ಬೇರೆ ವಿಭಾಗದ ಒಂದು ಪೇಪರ್ ತಗೊಳ್ಳಲೇಬೇಕು. ನನಗೆ ಬೇಕಿದ್ದದ್ದು ಪತ್ರಿಕೋದ್ಯಮದವರದ್ದು. ಅಲ್ಲಿ ಬರೆಯೋದು ಕಡಿಮೆ, ಮಾರ್ಕ್ಸ್ ಜಾಸ್ತಿ ಅಂತ ಸೀನಿಯರ್‌ಗಳು ಆಸೆ ಹುಟ್ಟಿಸಿದ್ದರು. ನಾನು ಫಾರ್ಮ್ ಹಿಡಕೊಂಡು ಹೋಗುವಷ್ಟರಲ್ಲಿ ಸೀಟು ತುಂಬಿತ್ತು. ಉಳಿದದ್ದು ಎರಡು. ಒಂದು ಸಂಖ್ಯಾಶಾಸ್ತ್ರದ ಪರಿಚಯ, ಇನ್ನೊಂದು ಪೂರ್ವ ಏಷ್ಯಾದ ಸಾಹಿತ್ಯ ಮತ್ತು ಸಿನಿಮಾ. ಎಸ್ಸೆಸ್ಸೆಲ್ಸಿ ಆದ ಮೇಲೆ ಲೆಕ್ಕದ ಕಡೆ ತಿರುಗಿ ನೋಡದವಳು ನಾನು. ಇನ್ನೇನು ಯೋಚನೆ ಮಾಡೋದು.

ಮನೇಲಿ ಹೇಳಿದಾಗ ಅಪ್ಪ, "ಯಾವ್ಯಾವ ದೇಶ ಬರ್ತಾವೆ ಅದ್ರಾಗೆ?" ಅಂದರು. ಚೀನಾ, ಜಪಾನ್, ಕೊರಿಯಾ ಅಂದೆ. ತೈವಾನ್ ಮರೆತೇ ಹೋಗಿತ್ತು. ಅಮ್ಮ ಮಾತ್ರ "ಸಿನಿಮಾ ನೋಡಿದ್ರೂ ಮಾರ್ಕ್ಸ್ ಕೊಡ್ತಾರಾ?" ಅಂತ ಕೇಳಿ, ಉತ್ತರಕ್ಕೂ ಕಾಯದೆ ರೊಟ್ಟಿ ತಟ್ಟಲು ಹೋದಳು.

ಮೊನ್ನೆ ಸೋಮವಾರ ಮೊದಲ ಕ್ಲಾಸು. ಬೆಳಗ್ಗೆಯಿಂದ ಜಿಟಿಜಿಟಿ ಮಳೆ. ಕ್ಯಾಂಪಸ್ ಊರಾಚೆ ಇರೋದರಿಂದ ಬಸ್ಸು ಹಿಡಿಯಬೇಕು, ಬಸ್ಸಿನ ತುಂಬ ಒದ್ದೆ ಛತ್ರಿ, ಕಿಟಕಿ ಮುಚ್ಚಿದ್ದಕ್ಕೆ ಸೆಖೆ, ತೆಗೆದರೆ ಮಳೆ. ಹೋಗಿ ನೋಡಿದರೆ ರೂಮಿನಲ್ಲಿ ಹದಿನೇಳು ಜನ. ಇಂಗ್ಲಿಷ್ ಎಂ.ಎ.ದವರು ಮುಂದೆ, ನಾವು ಕನ್ನಡದವರು ಹಿಂದೆ. ಯಾರೂ ಹೇಳಿ ಕೂರಿಸಿದ್ದಲ್ಲ, ಅದು ಹಾಗೇ ಆಗುತ್ತೆ. ಮಧ್ಯದಲ್ಲಿ ಹಾಸ್ಟೆಲ್‌ನ ನಾಲ್ಕು ಹುಡುಗಿಯರು, ಅವರು ಮಾತ್ರ ಆಸೆಪಟ್ಟೇ ಬಂದವರು. ಮೊಬೈಲ್ ಕವರ್ ಮೇಲೆ ಕೊರಿಯಾದ ಹುಡುಗರ ಫೋಟೊ ನೋಡಿದರೇ ಗೊತ್ತಾಗುತ್ತಿತ್ತು.

ಮೇಡಂ ಬಂದವರೇ ಹಾಜರಿ ತೆಗೆಯಲಿಲ್ಲ. ಬೋರ್ಡಿನ ಕಡೆ ತಿರುಗಿ, "ಪೂರ್ವ ಏಷ್ಯಾ ಅಂದ ಕೂಡಲೇ ತಲೆಗೆ ಏನು ಬರುತ್ತೋ ಹೇಳಿ, ಯೋಚನೆ ಮಾಡಬೇಡಿ" ಅಂದರು.

ಜಾಕಿ ಚಾನ್. ಕೊರೊನಾ. ಡೋರೆಮಾನ್. ಬುಲೆಟ್ ರೈಲು. ಬಿಟಿಎಸ್. ಹಿಂದಿನ ಬೆಂಚಿನಿಂದ ಯಾರೋ "ಗೋಬಿ ಮಂಚೂರಿ" ಅಂದರು, ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ, ಅದನ್ನೂ ಬರೆದರು. ಮಂಚೂರಿಯಾ ಅನ್ನೋದು ಚೀನಾದ ಈಶಾನ್ಯ ಭಾಗ, ಆ ಕಡೆಯಿಂದ ಬಂದ ಚಿಂಗ್ ವಂಶದವರೇ 1644ರಿಂದ 1912ರವರೆಗೆ ಚೀನಾ ಆಳಿದ್ದು ಅಂದರು. ಗೋಬಿ ಮಂಚೂರಿಗೂ ಅವರಿಗೂ ಯಾವ ಸಂಬಂಧವೂ ಇಲ್ಲ, ಅದು ನಮ್ಮ ದೇಶದಲ್ಲೇ ಹುಟ್ಟಿದ ತಿಂಡಿ. ಆಮೇಲೆ ಒಂದು ಮಾತು ಕೇಳಿದರು. "ಹೊರಗಿನವರು ದಾವಣಗೆರೆ ಅಂದ ಕೂಡಲೇ ಏನಂತಾರೆ?" ಹದಿನೇಳು ಜನವೂ ಒಟ್ಟಿಗೆ "ಬೆಣ್ಣೆ ದೋಸೆ" ಅಂದೆವು. "ಅಷ್ಟೇನಾ ನಿಮ್ಮೂರು?" ಅಂತ ಕೇಳಿ ಸುಮ್ಮನೆ ನಿಂತರು. ಬೋರ್ಡಿನ ಮೇಲೆ ಜಾಕಿ ಚಾನ್ ಪಕ್ಕದಲ್ಲಿ ಗೋಬಿ ಮಂಚೂರಿ. ಸ್ವಲ್ಪ ನಾಚಿಕೆ ಆಯ್ತು.

ಆಗ ಮಲೇಬೆನ್ನೂರು ಕಡೆಯ ಒಬ್ಬ ಹುಡುಗ ಎದ್ದು "ಫುಕುವೊಕಾ" ಅಂದ. ಮೇಡಂ ಮುಖ ಅರಳಿತು ನೋಡಿ. ಉಳುಮೆ ಬೇಡ, ಗೊಬ್ಬರ ಬೇಡ, ಕಳೆ ಕೀಳೋದೂ ಬೇಡ ಅಂತ ಬೇಸಾಯ ಮಾಡಿ ತೋರಿಸಿದ ಜಪಾನಿನ ರೈತ. ತೇಜಸ್ವಿಯವರು ಅವನ ದಾರಿಯ ಬಗ್ಗೆ 'ಸಹಜ ಕೃಷಿ' ಅಂತ ಪುಸ್ತಕ ಬರೆದಿದ್ದಾರಲ್ಲ, ಅದನ್ನು ಈ ಹುಡುಗನ ತಾತ ಓದಿ, ಭದ್ರಾ ನಾಲೆ ನೀರು ಹರಿಯುವ ಗದ್ದೆಯಲ್ಲಿ ಒಂದು ಎಕರೆ ಉಳದೇ ಬಿಟ್ಟಿದ್ದರಂತೆ. "ಏನಾಯ್ತು?" ಅಂದರು ಮೇಡಂ. "ಅಜ್ಜಿ ಬೈದ್ರು ಮೇಡಂ, ಮುಂದಿನ ವರ್ಷ ಟ್ರ್ಯಾಕ್ಟರ್ ತರಿಸಿದ್ರು." ಕ್ಲಾಸು ಅಲ್ಲಿಂದ ಬಿಗಿ ಬಿಟ್ಟಿತು.

ಸಿಲೆಬಸ್ ಬಗ್ಗೆ ಜಾಸ್ತಿ ಹೇಳಲ್ಲ. ಸಾವಿರ ವರ್ಷದ ಹಿಂದೆ ಜಪಾನಿನಲ್ಲಿ ಮುರಸಾಕಿ ಶಿಕಿಬು ಅನ್ನೋ ಹೆಂಗಸು ಬರೆದ 54 ಅಧ್ಯಾಯಗಳ ಗೆಂಜಿಯ ಕಥೆಯಿಂದ ಎರಡು ಅಧ್ಯಾಯ, ಅಲ್ಲಿಯದೇ ಕವಿ ಬಾಶೋನ ಹೈಕು ಅನ್ನೋ ಪುಟಾಣಿ ಪದ್ಯಗಳು, ಡಾಕ್ಟರ್ ಆಗೋದು ಬಿಟ್ಟು ಕಥೆಗಾರನಾದ ಚೀನಾದ ಲು ಶುನ್, 2024ರಲ್ಲಿ ನೊಬೆಲ್ ಬಂದ ಕೊರಿಯಾದ ಹಾನ್ ಕಾಂಗ್. ಸಿನಿಮಾ ಆರು. ಅದರಲ್ಲಿ ಜಪಾನಿನ ನಿರ್ದೇಶಕ ಕುರೊಸಾವಾನ 'ರಾಶೊಮೊನ್' ಇದೆ. 1950ರ ಸಿನಿಮಾ. ಅಕುತಗಾವಾ ಅನ್ನೋ ಕಥೆಗಾರನ ಎರಡು ಸಣ್ಣ ಕಥೆ ಸೇರಿಸಿ ಮಾಡಿದ್ದು, ಒಂದು ಕಥೆಯಿಂದ ಹೆಸರು ಮತ್ತು ಪಾಳುಬಿದ್ದ ಊರಬಾಗಿಲು, ಇನ್ನೊಂದರಿಂದ ಕೊಲೆ. ಇದನ್ನು ಕೇಳಿದ್ದೇ ತಡ, ಚಿತ್ರದುರ್ಗದ ನನ್ನ ಗೆಳತಿಗೆ ತಡೆಯಲಾಗಲಿಲ್ಲ. "ಮೇಡಂ, ನಾಗರಹಾವು ಮೂರು ಕಾದಂಬರಿ ಸೇರಿಸಿ ಮಾಡಿದ್ದು" ಅಂದಳು. ಅವಳಿಗೆ ಯಾವ ವಿಷಯ ಎತ್ತಿದರೂ ಅದು ತಿರುಗಿ ಕೋಟೆಗೇ ಬಂದು ನಿಲ್ಲುತ್ತೆ. ಆದರೆ ಮಾತು ಸರಿಯಾಗಿತ್ತು. ತರಾಸು ಬರೆದ ಮೂರು ಕಾದಂಬರಿಗಳನ್ನು ಪುಟ್ಟಣ್ಣ ಕಣಗಾಲ್ 1972ರಲ್ಲಿ ಒಂದೇ ಸಿನಿಮಾ ಮಾಡಿದರು. ಸೇರಿಸುವಾಗ ಏನು ಬಿಡಬೇಕಾಯ್ತು ಅಂತ ಬರಕೊಂಡು ಬಾ, ಅದೇ ನಿನ್ನ ಮೊದಲ ಅಸೈನ್‌ಮೆಂಟ್ ಅಂದರು ಮೇಡಂ. ಬಾಯಿ ಬಿಟ್ಟದ್ದಕ್ಕೆ ಶಿಕ್ಷೆ ಅಂತ ಅವಳು ಇನ್ನೂ ಗೊಣಗುತ್ತಿದ್ದಾಳೆ.

ನನ್ನ ಬಾಯೂ ಸುಮ್ನಿರಲಿಲ್ಲ. ಅದು ಅಕ್ಷರದ ವಿಷಯ ಬಂದಾಗ.

ಮೂರು ಭಾಷೆಗಳನ್ನೂ ಒಂದೇ ಚೀಲಕ್ಕೆ ತುಂಬಬೇಡಿ ಅಂತ ಮೇಡಂ ಶುರು ಮಾಡಿದರು. ಚೀನಿ ಭಾಷೆಯ ದಾರಿಯೇ ಬೇರೆ. ಜಪಾನಿ, ಕೊರಿಯನ್ನಲ್ಲಿ ಮಾತ್ರ ಕ್ರಿಯಾಪದ ನಮ್ಮ ಹಾಗೆ ಕೊನೆಗೆ ಬರುತ್ತೆ, ವಿಭಕ್ತಿಯಂಥದ್ದು ಪದದ ಹಿಂದೆ ಅಂಟುತ್ತೆ. "ನಾನು ಅನ್ನ ಉಂಡೆ" ಅನ್ನೋದನ್ನು ಪದಕ್ಕೆ ಪದ ಇಟ್ಟು ಜಪಾನಿಯಲ್ಲಿ ಹೇಳಬಹುದು, ಜಾಗ ಬದಲಿಸೋದೇ ಬೇಡ. ಹಾಸ್ಟೆಲ್ ಹುಡುಗಿಯರು ಆಗಲೇ ಕುಣಿಯುತ್ತಿದ್ದರು. "ಮೇಡಂ, ಕೊರಿಯನ್‌ನಲ್ಲೂ ಅಪ್ಪ ಅಂದ್ರೆ ಅಪ್ಪನೇ! ಕನ್ನಡದಿಂದ ಹೋಗಿದ್ದಾ?" ಅಂತ ಒಬ್ಬಳು ಕೇಳಿದಳು. ಮೇಡಂ ತಣ್ಣೀರು ಎರಚಿದರು. ಕೂಸು ಮೊದಲು ಮಾಡೋ ಸದ್ದು ತುಟಿಯದ್ದು, ಅಮ್ಮ ಅಪ್ಪ ಥರದ ಪದ ಲೋಕದ ಎಷ್ಟೋ ಭಾಷೆಗಳಲ್ಲಿ ಸಿಗುತ್ತೆ, ಅಷ್ಟಕ್ಕೇ ನೆಂಟಸ್ತನ ಕಟ್ಟಬೇಡಿ ಅಂದರು. ನನಗೆ ಈ ಮಾತು ಹಿಡಿಸಿತು. ವಾಟ್ಸಾಪ್‌ನಲ್ಲಿ ದಿನಾ ಇಂಥ ನೆಂಟಸ್ತನ ನೋಡಿ ನೋಡಿ ಸಾಕಾಗಿದೆ.

ಆಮೇಲೆ ಬೋರ್ಡಿನ ಮೇಲೆ ಕನ್ನಡದಲ್ಲೇ ಬರೆದರು.

ಅ ಇ ಉ ಎ ಒ
ಕ ಸ ತ ನ ಹ ಮ ಯ ರ ವ

ಇದು ಜಪಾನಿನ ಮಕ್ಕಳು ಕಲಿಯೋ ಅಕ್ಷರಗಳ ಸಾಲು. ಕ್ಲಾಸಿನಲ್ಲಿ ಒಂದು ಥರ ಗುಜುಗುಜು. ಇದು ನೆಂಟಸ್ತನ ಅಲ್ಲ, ಸಾಲ ಪಡೆದದ್ದು ಅಂದರು ಮೇಡಂ. ಬೌದ್ಧ ಸನ್ಯಾಸಿಗಳು ಮಂತ್ರಗಳಿಗೋಸ್ಕರ ಸಿದ್ಧಂ ಅನ್ನೋ ಭಾರತದ ಹಳೇ ಲಿಪಿಯಲ್ಲಿ ಸಂಸ್ಕೃತ ಕಲಿತರು, ಅಕ್ಷರಗಳನ್ನು ಬಾಯಲ್ಲಿ ಹುಟ್ಟುವ ಜಾಗದ ಪ್ರಕಾರ ಜೋಡಿಸುವ ಆ ಕ್ರಮ ಅವರ ಮೂಲಕ ಅಲ್ಲಿಗೆ ಹೋಯಿತು. ಒಳಗಿನಿಂದ ಹೊರಗೆ ಬನ್ನಿ, ಗಂಟಲ ಹತ್ತಿರ ಕ, ಆಮೇಲೆ ಹಲ್ಲು, ಆಮೇಲೆ ತುಟಿ. ನಮ್ಮ ಕಚಟತಪ. ನಾವು ಒಂದನೇ ಕ್ಲಾಸಿನಲ್ಲಿ ಬಾಯಿಪಾಠ ಹಾಕಿದ್ದು.

"ಹಾಗಾದರೆ ಇಲ್ಲಿ ಒಂದು ತಪ್ಪಿದೆ, ಯಾವುದು?" ಅಂದರು.

ಹ. ನ ಆದ ಮೇಲೆ, ಮ ಬರುವ ಮೊದಲು, ತುಟಿಯ ಅಕ್ಷರ ಇರಬೇಕು, ಅಂದರೆ ಪ. ಅಲ್ಲಿ ಹ ಹೇಗೆ ಬಂದು ಕೂತಿತು? ನಾನು ಕೈ ಕೂಡ ಎತ್ತಲಿಲ್ಲ, ಹಿಂದಿನ ಬೆಂಚಿನಿಂದ ಕೂಗಿಬಿಟ್ಟೆ. "ಮೇಡಂ, ಅದು ಮೊದಲು ಪ ಇತ್ತಾ? ನಮ್ಮಲ್ಲಿ ಪಾಲ್ ಹೋಗಿ ಹಾಲು ಆದ ಹಾಗೆ?"

ಹೌದಂತೆ! ಹಳೇ ಜಪಾನಿಯ ಪ ನಡುವೆ ತುಟಿ ಸವರಿ ಊದೋ ಫ ಥರ ಆಗಿ, ಕೊನೆಗೆ ಹ ಆಯಿತಂತೆ. ಸಾಲಿನಲ್ಲಿ ಜಾಗ ಮಾತ್ರ ಹಳೇದೇ ಉಳಿಯಿತು, ಮನೆ ಮಾರಿ ಹೋದವರ ಹೆಸರು ಬಾಗಿಲ ಮೇಲೆ ಉಳಿದ ಹಾಗೆ. ಪಂಪನ ಪುಲಿ ಈಗ ಹುಲಿ, ಪೂ ಈಗ ಹೂ, ಪಳ್ಳಿ ಈಗ ಹಳ್ಳಿ. ಎರಡು ಭಾಷೆಗೂ ಒಂದಕ್ಕೊಂದು ಗುರುತೇ ಇಲ್ಲ, ಎರಡೂ ತಮ್ಮ ಪಾಡಿಗೆ ತುಟಿ ಬಿಡಿಸಿಕೊಂಡಿವೆ. ಹಳಗನ್ನಡ ಓದಿ ಏನು ಮಾಡ್ತೀಯ ಅಂತ ಕೇಳುವ ನೆಂಟರಿಗೆಲ್ಲ ಆ ಹೊತ್ತಿಗೆ ನನ್ನ ಮುಖ ತೋರಿಸಬೇಕಿತ್ತು. ಮುಂದಿನ ಬೆಂಚಿನವರು ತಿರುಗಿ ನೋಡಿದರು. ಅದೂ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ.

ಮೇಡಂ ಬಹುಮಾನದ ಹಾಗೆ ಒಂದು ಒಗಟು ಕೊಟ್ಟರು. 16ನೇ ಶತಮಾನದ ಜಪಾನಿನದು. ಅಮ್ಮನಿಗಾದರೆ ಎರಡು ಸಲ ಸೇರ್ತವೆ, ಅಪ್ಪನಿಗೆ ಒಂದು ಸಲವೂ ಸೇರಲ್ಲ, ಏನದು? ಯಾರಿಗೂ ಬರಲಿಲ್ಲ. ಉತ್ತರ, ತುಟಿ. ಜಪಾನಿಯಲ್ಲಿ ಅಮ್ಮನಿಗೆ 'ಹಹಾ', ಅಪ್ಪನಿಗೆ 'ಚಿಚಿ'. ಈಗ 'ಹಹಾ' ಅಂದರೆ ತುಟಿ ಸೇರೋದೇ ಇಲ್ಲ, ಒಗಟು ಸೋತು ಹೋಗಿದೆ. ಆಗ ಅದನ್ನು 'ಫಫಾ' ಅಂತಿದ್ದರು ಅನ್ನೋದಕ್ಕೆ ವಿದ್ವಾಂಸರು ಈ ಒಗಟನ್ನೇ ಸಾಕ್ಷಿ ಮಾಡಿಕೊಂಡರು.

ಇಷ್ಟಕ್ಕೇ ಒಂದು ಗಂಟೆ ಹೋಯಿತು. ಉಳಿದ ಗಂಟೆ ಸಿನಿಮಾ.

ಪ್ರೊಜೆಕ್ಟರ್ ಹಚ್ಚಿ, ಪರದೆ ಇಳಿಸಿ, ಕಪ್ಪುಬಿಳುಪು ಚಿತ್ರ ಬಂತು. ಸಬ್‌ಟೈಟಲ್ ಬರಲಿಲ್ಲ. ಮೇಡಂ ಲ್ಯಾಪ್‌ಟಾಪ್ ಮೇಲೆ ಬಗ್ಗಿ ಎರಡು ಮೂರು ಸಲ ಏನೋ ಒತ್ತಿದರು, ಮುಂದಿನ ಬೆಂಚಿನ ಒಬ್ಬ ಎದ್ದು ಹೋಗಿ ತಾನೂ ಒತ್ತಿದ. "ಇರಲಿ ಬಿಡಿ, ಹಾಗೇ ನೋಡೋಣ, ಏನು ನಡೀತಿದೆ ಅಂತ ನೀವೇ ಹೇಳಿ" ಅಂದರು. ಬೇಕಂತಲೇ ಮಾಡಿದರಾ ಅಂತ ನನಗೆ ಈಗಲೂ ಅನುಮಾನ.

ಸಮುದ್ರದ ಪಕ್ಕ ಒಂದು ಸಣ್ಣ ಊರು. ಶಾಲೆಗೆ ಹೋಗುವ ಮಕ್ಕಳು. ಹೆಂಚಿನ ಮನೆಗಳ ನಡುವೆ ಒಂದು ರೈಲು. ಒಂದು ಮನೆಯೊಳಗೆ ಮುದುಕ, ಮುದುಕಿ, ನೆಲದ ಮೇಲೆ ಕೂತು ಚೀಲ ತುಂಬುತ್ತಿದ್ದಾರೆ. ಮುದುಕ ಕನ್ನಡಕದೊಳಗಿಂದ ಏನೋ ಪುಸ್ತಕ ನೋಡುತ್ತಾನೆ. ಒಬ್ಬ ಮಗಳು ಬಂದು, ಟಿಫಿನ್ ಡಬ್ಬಿ ಎತ್ತಿಕೊಂಡು, ಏನೋ ಹೇಳಿ ಹೊರಡುತ್ತಾಳೆ. ಮುದುಕಿ ಏನೋ ಕೇಳುತ್ತಾಳೆ, ಮುದುಕ ಇಲ್ಲ ಅನ್ನುತ್ತಾನೆ, ಅವಳು ತನ್ನ ಚೀಲ ತಡಕುತ್ತಾಳೆ. ಕಿಟಕಿಯಲ್ಲಿ ಪಕ್ಕದ ಮನೆಯಾಕೆ ಬಂದು ನಗುತ್ತಾ ಮಾತಾಡಿ ಹೋಗುತ್ತಾಳೆ. ಮತ್ತೆ ಹುಡುಕಾಟ. ಕೊನೆಗೆ ಮುದುಕ ತನ್ನ ಚೀಲದೊಳಗೇ ಕೈ ಹಾಕಿ "ಆ, ಅತ್ತ ಅತ್ತ" ಅಂದ. ಕ್ಲಾಸಿನಲ್ಲಿ ಅರ್ಧ ಜನ ಆ ಕಡೆ ತಿರುಗಿ ನೋಡಿದೆವು, ಅತ್ತ ಏನಿದೆ ಅಂತ. ಜಪಾನಿಯಲ್ಲಿ 'ಅತ್ತ' ಅಂದರೆ 'ಸಿಕ್ತು, ಇತ್ತು' ಅಂತ ಆಮೇಲೆ ಗೊತ್ತಾಯಿತು.

ದೀಪ ಹಾಕಿ, "ಹೇಳಿ" ಅಂದರು.

ಮೊದಲು ಎದ್ದವನು ಜಗಳೂರಿನ ಹುಡುಗ, ಇಡೀ ಕ್ಲಾಸಿನಲ್ಲಿ ಒಂದು ಮಾತೂ ಆಡದವನು. "ಮೇಡಂ, ಇವರು ಮಗನ ಮನೆಗೆ ಹೊರಟಿದ್ದಾರೆ. ದೊಡ್ಡ ಊರು. ಏನೋ ಸಾಮಾನು ಸಿಗ್ತಿಲ್ಲ, ಅವ್ರು ನೀವೇ ಇಟ್ಟಿದ್ದು ಅಂತಾರೆ, ಇವ್ರು ನಿಂಗೇ ಕೊಟ್ಟೆ ಅಂತಾರೆ." ಪುಸ್ತಕ ಯಾವುದು? "ರೈಲಿನ ಟೈಮ್‌ಟೇಬಲ್." ಪಕ್ಕದ ಮನೆಯಾಕೆ ಏನಂದಳು? ಅದಕ್ಕೆ ನಾಲ್ಕೈದು ಜನ ಒಟ್ಟಿಗೆ ಬಾಯಿ ಹಾಕಿದರು. ಪುಣ್ಯವಂತರು ಬಿಡ್ರಿ, ಒಳ್ಳೆ ಮಕ್ಕಳು ನಿಮಗೆ.

ಒಂದೂ ತಪ್ಪಿರಲಿಲ್ಲ. ಸಾಮಾನು ಏನು ಅನ್ನೋದು ಮಾತ್ರ ಗೊತ್ತಾಗಿರಲಿಲ್ಲ. ಗಾಳಿ ತುಂಬೋ ದಿಂಬು, ರೈಲಿನಲ್ಲಿ ಒರಗೋಕೆ. ಜಪಾನಿಗೆ ಬುಲೆಟ್ ರೈಲು ಬಂದದ್ದು 1964ರಲ್ಲಿ. ಈ ಸಿನಿಮಾ 1953ರದು, ಒಜು ಯಸುಜಿರೊನ 'ಟೋಕಿಯೊ ಸ್ಟೋರಿ'. ಒನೊಮಿಚಿ ಅನ್ನೋ ಊರಿಂದ ಟೋಕಿಯೊಗೆ ರಾತ್ರಿಯೆಲ್ಲಾ ಪ್ರಯಾಣ. ದಿಂಬು ಬೇಕೇ ಬೇಕು.

ಅಷ್ಟರಲ್ಲಿ ಸಬ್‌ಟೈಟಲ್ ಬಂತು. ಅದೇ ಆರೇಳು ನಿಮಿಷ ಮತ್ತೆ ಹಾಕಿದರು. ಈ ಸಲ ನನಗೊಂದು ವಿಚಿತ್ರ ಆಯಿತು. ಚಿತ್ರ ಮುಗಿದಾಗ ಮುದುಕನ ಮುಖ ನೆನಪಿಗೇ ಬರಲಿಲ್ಲ. ಮೊದಲ ಸಲ ಅವನ ಕೈ, ಅವಳು ಸೆರಗಿಲ್ಲದಿದ್ದರೂ ಸೆರಗು ಸರಿ ಮಾಡಿಕೊಂಡ ಹಾಗೆ ಕತ್ತಿನ ಹತ್ತಿರ ಕೈ ಒಯ್ದದ್ದು, ಎಲ್ಲ ನೋಡಿದ್ದೆ. ಎರಡನೇ ಸಲ ಪರದೆಯ ಕೆಳಗಿನ ಎರಡು ಸಾಲು ಇಂಗ್ಲಿಷ್ ಓದಿ, ಅದನ್ನು ಮನಸ್ಸಿನಲ್ಲಿ ತಿರುವಿ ಹಾಕಿ ಕನ್ನಡ ಮಾಡಿಕೊಳ್ಳುವಷ್ಟರಲ್ಲಿ ಮುಂದಿನ ಮಾತು ಬಂದಿರುತ್ತಿತ್ತು. ನಾಲ್ಕು ವರ್ಷದಿಂದ ಮೊಬೈಲ್‌ನಲ್ಲಿ ಕೊರಿಯಾ, ಇರಾನ್, ಮಲಯಾಳಂ ಅಂತ ಎಷ್ಟು ಸಿನಿಮಾ ನೋಡಿದ್ದೀನಿ ಅಂತ ಜಂಬ ಕೊಚ್ಚುತ್ತಿದ್ದವಳು ನಾನು. ನೋಡಿದ್ದೆಷ್ಟೋ, ಓದಿದ್ದೆಷ್ಟೋ.

ಇನ್ನೊಂದು. ಆ ಮುದುಕ ಮುದುಕಿ ಆಡೋದು ಒನೊಮಿಚಿ ಕಡೆಯ ಮಾತಂತೆ, ಟೋಕಿಯೊದಲ್ಲಿರೋ ಮಕ್ಕಳು ಆಡೋದು ಟೋಕಿಯೊ ಮಾತು. ಇಂಗ್ಲಿಷ್‌ನಲ್ಲಿ ಎಲ್ಲರೂ ಒಂದೇ ಥರ ಮಾತಾಡುತ್ತಾರೆ. ಇದನ್ನು ಕೇಳಿದಾಗ ನನಗೆ ಅಣ್ಣ ನೆನಪಾದ. ಬೆಂಗಳೂರು ಸೇರಿ ಎಂಟು ವರ್ಷ ಆಯ್ತು. ಮೊದಮೊದಲು ಆಫೀಸಿನವರ ಹತ್ತಿರ 'ಬನ್ನಿ ಹೋಗಿ' ಅಂದರೂ ಫೋನಿನಲ್ಲಿ ನಮ್ಮ ಹತ್ತಿರ 'ಬರ್ರಿ ಹೋಗ್ರಿ' ಅಂತಿದ್ದ. ಈಗ ಅಪ್ಪನಿಗೂ "ಬನ್ನಿ ಅಪ್ಪಾ ಒಂದು ಸಲ" ಅಂತಾನೆ. ಅಮ್ಮ ಒಂದಿನ ಫೋನಿಟ್ಟು, "ಯಾರೋ ಬ್ಯಾಂಕಿನವ್ರು ಮಾತಾಡಿದಂಗಾತು" ಅಂದಿದ್ದಳು.

ಮೇಡಂ ಕೊನೆಗೆ ಕ್ಯಾಮೆರಾ ಎಲ್ಲಿತ್ತು ಅಂತ ಕೇಳಿದರು. ನೆಲದ ಹತ್ತಿರ. ಪಂಕ್ತಿಯಲ್ಲಿ ಊಟಕ್ಕೆ ಕೂತವರಿಗೆ ಎದುರಿನ ಸಾಲು ಕಂಡ ಹಾಗೆ. ಬಹುಪಾಲು ಅದು ಅಲುಗಾಡುವುದೂ ಇಲ್ಲ, ಜನ ಬರುತ್ತಾರೆ, ಹೋಗುತ್ತಾರೆ, ಅದು ಕೂತಿರುತ್ತೆ. ಮುಂದಿನ ಕಥೆ ಏನು ಅಂತ ಕೇಳಿದ್ದಕ್ಕೆ ಪೂರ್ತಿ ಹೇಳಲಿಲ್ಲ. "ಮಗ ಡಾಕ್ಟರು, ಮಗಳದ್ದು ಬ್ಯೂಟಿ ಪಾರ್ಲರ್. ಕೆಟ್ಟವರಲ್ಲ, ಪುರುಸೊತ್ತಿಲ್ಲ. ಅಪ್ಪ ಅಮ್ಮನನ್ನ ಖರ್ಚು ಕೊಟ್ಟು ಒಂದು ಬಿಸಿನೀರಿನ ಬುಗ್ಗೆಯ ಊರಿಗೆ ಕಳಿಸ್ತಾರೆ, ಮುಂದಿನ ವಾರ ನೋಡಿ" ಅಂದರು.

ಬಸ್ಸಿನಲ್ಲಿ ಬರುವಾಗ ಅದೇ ತಲೆಯಲ್ಲಿ. ಹೋದ ಯುಗಾದಿ ಆದ ಮೇಲೆ ಅಪ್ಪ ಅಮ್ಮ ಅಣ್ಣನ ಮನೆಗೆ ಹೋಗಿದ್ದರು. ಮಂಡಕ್ಕಿ, ಶೇಂಗಾ ಚಟ್ನಿಪುಡಿ, ಎರಡು ದಿನಕ್ಕಾಗುವಷ್ಟು ರೊಟ್ಟಿ, ಡಬ್ಬಿಯಲ್ಲಿ ಬೆಣ್ಣೆ. ಅಣ್ಣ ಅತ್ತಿಗೆ ಇಬ್ಬರಿಗೂ ರಜೆ ಇರಲಿಲ್ಲ. ಅಣ್ಣ ಕಾರು ಬುಕ್ ಮಾಡಿ, ದುಡ್ಡೂ ತಾನೇ ಕಟ್ಟಿ, ಇವರನ್ನು ಲಾಲ್‌ಬಾಗ್‌ಗೆ ಕಳಿಸಿದ್ದ. ಫೋಟೊ ಕೂಡ ಬಂದಿತ್ತು, ಗಾಜಿನ ಮನೆ ಮುಂದೆ ಇಬ್ಬರೂ ನೆಟ್ಟಗೆ ನಿಂತದ್ದು. ಹತ್ತು ದಿನ ಇರ್ತೀವಿ ಅಂತ ಹೋದವರು ಎಂಟನೇ ದಿನಕ್ಕೆ ವಾಪಸ್ಸು ಬಂದರು. ಯಾಕೆ ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಅವರು ಹೊರಟ ದಿನ ಬೆಳಗ್ಗೆ ನನಗೆ ಇಂಟರ್ನಲ್ಸ್ ಇತ್ತು. ಡಬ್ಬಿ ಎತ್ತಿಕೊಂಡು, ಹುಷಾರು ಅಂತ ಹೇಳಿ ಹೊರಟಿದ್ದೆ.

ಮನೆಗೆ ಬಂದಾಗ ಅಪ್ಪ ಪೇಪರ್ ಹಿಡಿದು ಕೂತಿದ್ದರು. ಕಾಟನ್ ಮಿಲ್ಲಿನಲ್ಲಿದ್ದು, ಮಿಲ್ಲು ಮುಚ್ಚಿದ ಮೇಲೆ ಚೌಕಿಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆದವರು, ಪೇಪರನ್ನು ಇವತ್ತಿಗೂ ಲೆಕ್ಕದ ಪುಸ್ತಕದ ಹಾಗೆ ಬೆರಳಿಟ್ಟು ಓದುತ್ತಾರೆ. ತುಟಿಯ ಒಗಟು ಕೇಳಿದೆ. ಅವರಿಗೂ ಬರಲಿಲ್ಲ. ಉತ್ತರ ಹೇಳಿದ ಮೇಲೆ ಅಮ್ಮ, ಅಪ್ಪ, ಅಮ್ಮ, ಅಪ್ಪ ಅಂತ ತಮ್ಮಷ್ಟಕ್ಕೆ ಹೇಳಿ ನೋಡಿಕೊಂಡರು. "ನಮ್ಮಾಗೆ ಇಬ್ಬರಿಗೂ ಸೇರ್ತಾವಲ್ಲೇ" ಅಂದರು.

ಅಮ್ಮನಿಗೆ ಸಿನಿಮಾದ ಕಥೆ ಹೇಳಿದೆ. ಸಣ್ಣ ಊರು, ರೈಲು, ಚೀಲ, ಹುಡುಕಾಟ. ಪಕ್ಕದ ಮನೆಯಾಕೆ ಬಂದು ಪುಣ್ಯವಂತರು ಅಂದದ್ದನ್ನೂ ಹೇಳಿದೆ. ಅದಕ್ಕೆ ಅಮ್ಮ ಏನೂ ಅನ್ನಲಿಲ್ಲ. ಒಲೆ ಸಣ್ಣ ಮಾಡಿ, ಸ್ವಲ್ಪ ಹೊತ್ತು ಬಿಟ್ಟು,

"ದಿಂಬು ಸಿಕ್ತಾ ಕೊನಿಗೆ?" ಅಂದಳು.

"ಸಿಕ್ತು. ಮುದುಕಪ್ಪನ ಚೀಲದಾಗೇ ಇತ್ತು."

ಅಮ್ಮ ಅಡುಗೆಮನೆ ಬಾಗಿಲಿಗೆ ಬಂದು ಅಪ್ಪನ ಕಡೆ ನೋಡಿದಳು.

"ಕೇಳಿದ್ರಾ?" ಅಂದಳು.

ಅಪ್ಪ ಪೇಪರ್ ಮಗ್ಗಲು ತಿರುವಿದರು.